ಇಳಿಯಲೆಂದೇ ಏರುವ ಬೆಟ್ಟ

ಮಧ್ಯರಾತ್ರಿ ದಾಟಿ ಒಂದೆರಡು ಗಂಟೆಯಾಗಿದೆ. ಮರುಭೂಮಿ ಎಂದರೆ ಸುಡುಬಿಸಿಲು ಎಂದುಕೊಂಡು ಬಂದವರ ಹಲ್ಲು ಕಟಕಟ ಅನ್ನುತ್ತಿದೆ. ಸಂತ ಕ್ಯಾಥರೀನ್ ಮಠದ ಎತ್ತರದ ಕಲ್ಲುಗೋಡೆಯನ್ನು ಹಾದು ನಾಲ್ಕು ಹೆಜ್ಜೆ ಮುಂದೆ ಹೋದರೆ ಕಾಲಡಿಯ ನೆಲ ಮೆತ್ತಗಾಗುತ್ತದೆ. ಧೂಳು, ಜಲ್ಲಿ, ಒಣಗಿದ ಲದ್ದಿ. ಈ ಕತ್ತಲಲ್ಲಿ ಒಂಟೆಗಳು ಮೊದಲು ಮೂಗಿಗೆ ಸಿಗುತ್ತವೆ, ಆಮೇಲೆ ಕಿವಿಗೆ, ಕಣ್ಣಿಗೆ ಕಾಣುವುದು ಎಲ್ಲಕ್ಕಿಂತ ಕೊನೆಗೆ. ದಾರಿಯ ಎರಡೂ ಬದಿಗೆ ಮಂಡಿ ಮಡಚಿ ಕುಳಿತು ಮೆಲುಕು ಹಾಕುತ್ತಿರುವ ಅವುಗಳ ಉಸಿರು ಚಳಿಗೆ ಆವಿಯಾಗಿ ಟಾರ್ಚಿನ ಬೆಳಕಿನಲ್ಲಿ ತೇಲುತ್ತದೆ. ತಲೆಗೆ ಬಟ್ಟೆ ಸುತ್ತಿದ ಬೆದೂಯಿನ್ ಹುಡುಗರು ನಮ್ಮ ಪಕ್ಕಕ್ಕೇ ಬಂದು, ಗುಟ್ಟು ಹೇಳುವಷ್ಟು ಮೆಲ್ಲಗೆ, "ಕ್ಯಾಮಲ್? ಕ್ಯಾಮಲ್?" ಎಂದು ಕೇಳಿ, ಬೇಡವೆಂದರೆ ಒತ್ತಾಯಿಸದೆ ನಾಲ್ಕು ಮಾರು ಹಿಂದೆಯೇ ನಡೆದುಬರುತ್ತಾರೆ. ಅರ್ಧ ಗಂಟೆ ಕಳೆದರೆ ಇವರಲ್ಲಿ ಯಾರ ಮಂಡಿ ಸೋಲುತ್ತದೆ, ಯಾರದು ಸೋಲುವುದಿಲ್ಲ ಎಂಬುದು ಅವರಿಗೆ ನಡಿಗೆ ನೋಡಿದರೇ ಗೊತ್ತಾಗುತ್ತದೆ.

ಇದು ಈಜಿಪ್ಟಿನ ಸೀನಾಯಿ ಪರ್ಯಾಯದ್ವೀಪದ ಜೆಬೆಲ್ ಮೂಸಾ, ಮೋಶೆಯ ಬೆಟ್ಟ. ದೇವರು ಮೋಶೆಗೆ ಹತ್ತು ಆಜ್ಞೆಗಳನ್ನು ಕೊಟ್ಟದ್ದು ಇಲ್ಲೇ ಎಂದು ಕ್ರೈಸ್ತರು ಸಾವಿರದ ಆರುನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಂಬಿ ಹತ್ತುತ್ತ ಬಂದಿದ್ದಾರೆ. ಬೈಬಲಿನ ಸೀನಾಯಿ ನಿಜಕ್ಕೂ ಇದೇನಾ ಎಂಬ ವಿಷಯದಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆದರೆ ಆ ಚರ್ಚೆ ಈ ರಾತ್ರಿಯ ಹಾದಿಯಲ್ಲಿ ಯಾರ ಕಾಲನ್ನೂ ತಡೆಯುವುದಿಲ್ಲ. ಹಿಂದೆ ತಿರುಗಿದರೆ ಕಣಿವೆಯುದ್ದಕ್ಕೂ ಟಾರ್ಚುಗಳ ಸಾಲು ತಿರುವು ತಿರುವಾಗಿ ಮೇಲೇರಿ ಬರುತ್ತಿರುವುದು ಕಾಣುತ್ತದೆ. ಗ್ರೀಕ್, ರಷ್ಯನ್, ಕೊರಿಯನ್, ಅರಬ್ಬಿ ಮಾತುಗಳ ನಡುವೆ ಒಮ್ಮೊಮ್ಮೆ ಮಲಯಾಳವೋ ತಮಿಳೋ ಕಿವಿಗೆ ಬಿದ್ದು ಮೈ ಬೆಚ್ಚಗಾಗುತ್ತದೆ. ಮೊದಲ ಮುಕ್ಕಾಲು ಗಂಟೆ ಎಲ್ಲರೂ ಮಾತಾಡುತ್ತಾರೆ. ಆಮೇಲೆ ಏದುಸಿರು ಮಾತನ್ನು ನುಂಗುತ್ತದೆ. ಉಳಿಯುವುದು ಜಲ್ಲಿಯ ಮೇಲೆ ಬೂಟುಗಳ ಸದ್ದು, ಕೋಲು ಊರುವ ಸದ್ದು, ದೂರದಲ್ಲೆಲ್ಲೋ ಒಂಟೆಯೊಂದರ ಗೊರಗೊರ.

ಒಂಟೆ ಹೋಗುವಷ್ಟು ಅಗಲದ ಈ ದಾರಿಯನ್ನು ಮಾಡಿಸಿದವನು 19ನೇ ಶತಮಾನದ ನಡುವಿನಲ್ಲಿ ಈಜಿಪ್ಟನ್ನು ಆಳಿದ ಅಬ್ಬಾಸ್ ಪಾಷಾ ಎನ್ನುತ್ತಾರೆ. ಇಲ್ಲಿಯ ಒಣ ಗಾಳಿಗೆ ಮನಸೋತು ಹತ್ತಿರದ ಶಿಖರವೊಂದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಲು ಹೊರಟಿದ್ದ. 1854ರಲ್ಲಿ ಅವನು ತೀರಿಕೊಂಡ. ಗೋಡೆಗಳು ಅರ್ಧಕ್ಕೇ ನಿಂತವು. ಇಂದಿಗೂ ಅವು ಹಾಗೇ ಬಯಲಿಗೆ ಬಿದ್ದಿವೆ. ಬೆಟ್ಟದ ಮೇಲೆ ಮನೆ ಮಾಡಲು ಹೋದವನ ಮನೆ ನಿಲ್ಲಲಿಲ್ಲ, ಮಾಡಿಸಿದ ದಾರಿ ನಿಂತಿತು. ಈ ಬೆಟ್ಟದಲ್ಲಿ ಇಂಥ ಕಥೆ ಇದೊಂದೇ ಅಲ್ಲ.

ತಿರುವಿನಲ್ಲೊಂದು ಗೂಡಂಗಡಿ. ಕಲ್ಲು ಪೇರಿಸಿದ ಮೋಟುಗೋಡೆ, ಮೇಲೆ ತಗಡು, ಒಳಗೆ ಗೋಡೆಗುಂಟ ಹಾಸಿದ ಚಾಪೆ, ಕಂಬಳಿ. ಭುಸುಗುಡುವ ಸ್ಟೌ ಮೇಲೆ ಮಸಿ ಹಿಡಿದ ಕೆಟಲ್. ಅಂಗಡಿಯಾತ ಚಿಕ್ಕ ಗಾಜಿನ ಲೋಟಕ್ಕೆ ಸಕ್ಕರೆಯನ್ನು ಧಾರಾಳವಾಗಿ ಸುರಿದು, ಬೆಟ್ಟದ ಸಂದಿಯಲ್ಲಿ ಬೆಳೆಯುವ ಪುದೀನದ ಜಾತಿಯ ಒಂದು ಸೊಪ್ಪನ್ನು ಚಿವುಟಿ ಹಾಕಿ, ಕಪ್ಪು ಚಹಾವನ್ನು ಎತ್ತರದಿಂದ ಹೊಯ್ಯುತ್ತಾನೆ. ಲೋಟ ಹಿಡಿದ ಬೆರಳುಗಳಿಗೆ ಜೀವ ಬರುತ್ತದೆ. ಈ ಹಾದಿಯ ಒಂಟೆ, ಚಹಾ, ಬಾಡಿಗೆ ಕಂಬಳಿ, ಮಾರ್ಗದರ್ಶನ ಎಲ್ಲವೂ ಜೆಬೆಲಿಯಾ ಎಂಬ ಬುಡಕಟ್ಟಿನವರ ಕೈಯಲ್ಲಿದೆ. 6ನೇ ಶತಮಾನದಲ್ಲಿ ಬೈಜಾಂಟಿಯಂನ ಚಕ್ರವರ್ತಿ ಜಸ್ಟಿನಿಯನ್ ಮಠದ ಕಾವಲಿಗೂ ಚಾಕರಿಗೂ ಕಳಿಸಿದ ಕುಟುಂಬಗಳ ಸಂತತಿ ತಾವು ಎಂದು ಅವರು ಹೇಳಿಕೊಳ್ಳುತ್ತಾರೆ. ಕಾಲ ಕಳೆದಂತೆ ಅವರು ಮುಸಲ್ಮಾನರಾದರು. ಮಠದ ಜೊತೆಗಿನ ನಂಟು ಮಾತ್ರ ಬಿಡಲಿಲ್ಲ. ಕ್ರೈಸ್ತ ಯಾತ್ರಿಕನ ಕೈ ಹಿಡಿದು ಮೋಶೆಯ ಬೆಟ್ಟ ಹತ್ತಿಸುವ ಹುಡುಗನಿಗೂ ಮೂಸಾ ಪ್ರವಾದಿಯೇ.

ಚಹಾ ಮುಗಿಸಿ ಎದ್ದರೆ ಚಂದ್ರನಿಲ್ಲದ ಆಕಾಶ. ನಕ್ಷತ್ರಗಳು ಎಷ್ಟೊಂದಿವೆ ಎಂದರೆ ಬೆಟ್ಟದ ಅಂಚು ಎಲ್ಲಿ ಮುಗಿಯಿತು ಎಂಬುದನ್ನು ಅವು ನಿಂತಲ್ಲಿಂದಲೇ ಗುರುತಿಸಬೇಕು. ಟಾರ್ಚು ಆರಿಸಿದರೆ ಕಾಲಿಡುವ ಜಾಗ ಕಾಣದು. 4ನೇ ಶತಮಾನದ ನಿಸ್ಸಾದ ಗ್ರೆಗರಿ ಎಂಬ ಧರ್ಮಾಧ್ಯಕ್ಷರು ಮೋಶೆಯ ಬಾಳನ್ನು ಆತ್ಮದ ಏರುದಾರಿಯನ್ನಾಗಿ ಓದಿ ಒಂದು ಗ್ರಂಥ ಬರೆದಿದ್ದಾರೆ. ಅವರ ಓದಿನಲ್ಲಿ ಮೋಶೆಗೆ ದೇವರ ದರ್ಶನವಾಗುವ ಬಗೆಯೇ ವಿಚಿತ್ರ. ಮೊದಲು ಉರಿಯುವ ಪೊದೆಯ ಬೆಳಕು, ನಂತರ ಮೋಡ, ಬೆಟ್ಟದ ತುದಿಯಲ್ಲಿ ಕಗ್ಗತ್ತಲೆ. ಮೇಲೇರಿದಷ್ಟೂ ಕಾಣುವುದು ಕಡಿಮೆಯಾಗುತ್ತದೆ. ದೇವರು ನಮ್ಮ ತಿಳಿವಿಗೆ ಮೀರಿದವನು ಎಂಬುದು ಆ ಎತ್ತರದಲ್ಲಿ ಮಾತ್ರ ಮನದಟ್ಟಾಗುತ್ತದೆ ಎಂಬುದು ಗ್ರೆಗರಿಯ ನಿಲುವು. ಮುಂದಿನವರ ಹಿಮ್ಮಡಿಯನ್ನಷ್ಟೇ ನೋಡಿಕೊಂಡು ಕತ್ತಲಲ್ಲಿ ನಡೆಯುತ್ತಿರುವಾಗ ಆ ಮಾತು ಪುಸ್ತಕದ್ದಾಗಿ ಉಳಿಯುವುದಿಲ್ಲ.

ಒಂಟೆಯ ದಾರಿ ಒಂದು ಕಡೆ ನಿಂತುಬಿಡುತ್ತದೆ. ಇನ್ನು ಮೆಟ್ಟಿಲು, ಏಳುನೂರ ಐವತ್ತು. ಮೆಟ್ಟಿಲೆಂದರೆ ಅಳತೆಗೆ ಕಡಿದ ಕಲ್ಲಲ್ಲ. ಒಂದು ಗೇಣೆತ್ತರ, ಮುಂದಿನದು ಮಂಡಿಯೆತ್ತರ. ಒಂದು ಚಪ್ಪಟೆ, ಇನ್ನೊಂದು ಓರೆ. ಇಷ್ಟು ದೂರ ಒಂಟೆಯ ಮೇಲೆ ಬಂದವರೂ ಇಲ್ಲಿ ಇಳಿಯಲೇಬೇಕು. ಕಪ್ಪು ಸ್ಕಾರ್ಫು ಕಟ್ಟಿದ ವಯಸ್ಸಾದ ತಾಯಿಯೊಬ್ಬರು ಪ್ರತಿ ಮೆಟ್ಟಿಲಿಗೂ ನಿಂತು, ಎಡಗೈಯನ್ನು ಬಂಡೆಗೆ ಒತ್ತಿ, ಬಲಗೈಯಿಂದ ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ಆಮೇಲೆ ಕಾಲೆತ್ತುತ್ತಾರೆ. ಅವರ ಮುಂದೆ ಹದಿಹರೆಯದ ಬೆದೂಯಿನ್ ಹುಡುಗನೊಬ್ಬ ಹಿಮ್ಮುಖವಾಗಿ ಹತ್ತುತ್ತಿದ್ದಾನೆ. ಒಂದು ಕೈಯಲ್ಲಿ ಟಾರ್ಚನ್ನು ಅವರ ಪಾದದ ಮೇಲೆ ಹಿಡಿದು, ಇನ್ನೊಂದು ಕೈಯನ್ನು ಅವರು ಕೇಳಿದಾಗ ಮಾತ್ರ ಚಾಚುತ್ತಾನೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಹಿಂದೆ ಸಾಲುಗಟ್ಟಿದವರು ಯಾರೂ ಅವಸರ ಮಾಡುವುದಿಲ್ಲ. ಆ ತಾಯಿಯ ವೇಗವೇ ಆ ಹೊತ್ತಿಗೆ ಇಡೀ ಬೆಟ್ಟದ ವೇಗ.

ತುದಿ ಸಿಕ್ಕಿತು. 2,285 ಮೀಟರ್ ಎತ್ತರ. ಕೂರಲು ದೊಡ್ಡ ಬಯಲೇನಿಲ್ಲ, ಬಂಡೆಗಳ ಏರುತಗ್ಗು. ಬಾಡಿಗೆ ಕಂಬಳಿ ಹೊದ್ದ ಜನ ಎಲ್ಲೆಲ್ಲಿ ಜಾಗವಿದೆಯೋ ಅಲ್ಲಲ್ಲಿ ಒತ್ತಾಗಿ ಕುಳಿತಿದ್ದಾರೆ. ಕಂಬಳಿಯಿಂದ ಒಂಟೆಯ, ಹೊಗೆಯ, ನೂರಾರು ಜನರ ರಾತ್ರಿಗಳ ವಾಸನೆ. ಒಂದು ಬದಿಗೆ ಪುಟ್ಟ ಕಲ್ಲಿನ ಚಾಪೆಲ್, 1934ರಲ್ಲಿ ಹಳೆಯ ಚರ್ಚಿನ ಅವಶೇಷಗಳ ಮೇಲೆ ಕಟ್ಟಿದ್ದು. ಕೂಗಳತೆಯಲ್ಲೇ ಒಂದು ಪುಟ್ಟ ಮಸೀದಿ. ಗಾಳಿ ಎರಡರ ಗೋಡೆಗೂ ಒಂದೇ ಸಮನೆ ಬಡಿಯುತ್ತಿದೆ.

ಮೂಡಣ ಮೊದಲು ಬೂದುಬಣ್ಣಕ್ಕೆ ತಿರುಗಿ, ಆಮೇಲೆ ತೆಳು ಹಳದಿಯಾಗುತ್ತದೆ. ಸುತ್ತಲಿನ ಗ್ರಾನೈಟ್ ಶಿಖರಗಳು ಒಂದರ ಹಿಂದೊಂದು ಎದ್ದು ಬರುತ್ತವೆ. ಸೂರ್ಯನ ಅಂಚು ಕಂಡದ್ದೇ ತಡ, ಕೆಂಡದ ಮೇಲಿನ ಬೂದಿಯನ್ನು ಯಾರೋ ಉಫ್ ಎಂದು ಊದಿದ ಹಾಗೆ, ಬೆಟ್ಟವೆಲ್ಲ ಒಳಗಿನಿಂದ ಕೆಂಪಾಗುತ್ತದೆ. ಒಂದು ಗುಂಪು ತಮ್ಮ ಭಾಷೆಯಲ್ಲಿ ಸ್ತುತಿಗೀತೆ ಶುರುಮಾಡುತ್ತದೆ; ಇನ್ನೊಂದು ಬಂಡೆಯ ಮೇಲಿಂದ ಬೇರೆ ಭಾಷೆಯಲ್ಲಿ, ಬೇರೆ ರಾಗದಲ್ಲಿ ಇನ್ನೊಂದು. ಪಾದ್ರಿಯೊಬ್ಬರು ಬೈಬಲ್ ತೆರೆದು ವಿಮೋಚನಕಾಂಡ ಓದುತ್ತಾರೆ, ಗಾಳಿ ಪುಟಗಳನ್ನು ಕಿತ್ತುಕೊಳ್ಳದಂತೆ ಪಕ್ಕದವರು ಅಂಗೈ ಒತ್ತಿ ಹಿಡಿಯುತ್ತಾರೆ. ಕಪ್ಪು ಸ್ಕಾರ್ಫಿನ ತಾಯಿ ಬಂಡೆಗೆ ಹಣೆ ಹಚ್ಚಿ ಅಳುತ್ತಿದ್ದಾರೆ. ಯಾರೂ ಅವರನ್ನು ಸಮಾಧಾನ ಮಾಡಲು ಹೋಗುವುದಿಲ್ಲ. ಅದು ಸಮಾಧಾನ ಬೇಡುವ ಅಳುವಲ್ಲ.

ಹೀಗೆ ಸ್ಥಳದಲ್ಲೇ ನಿಂತು ಆ ಸ್ಥಳದ ಕಥೆಯನ್ನು ಓದುವ ಪದ್ಧತಿಗೆ ದೊಡ್ಡ ವಯಸ್ಸಿದೆ. 4ನೇ ಶತಮಾನದ ಕೊನೆಯ ಭಾಗದಲ್ಲಿ ಎಜೀರಿಯಾ ಎಂಬ ಹೆಣ್ಣುಮಗಳು ಯುರೋಪಿನ ಪಶ್ಚಿಮದಿಂದ ಇಷ್ಟು ದೂರ ಬಂದು ಈ ಬೆಟ್ಟ ಹತ್ತಿ, ಊರಿನ ಸೋದರಿಯರಿಗೆ ಲ್ಯಾಟಿನ್ನಿನಲ್ಲಿ ಎಲ್ಲವನ್ನೂ ವಿವರವಾಗಿ ಬರೆದಳು. ಸುತ್ತುದಾರಿಯಿಲ್ಲ, ನೆಟ್ಟಗೆ ಏರಬೇಕು, ಬಹಳ ಕಷ್ಟ ಎಂದಳು. ತುದಿಯಲ್ಲಿ ಗ್ರಂಥದ ಆ ಭಾಗವನ್ನು ಓದಿ ಪೂಜೆ ಮುಗಿಸಿ ಹೊರಬಂದಾಗ ಅಲ್ಲಿಯ ಸನ್ಯಾಸಿಗಳು ಬೆಟ್ಟದಲ್ಲೇ ಬೆಳೆದ ಹಣ್ಣನ್ನು ಕೈಗಿತ್ತರಂತೆ. ಆಕೆ ಗಮನಿಸಿದ ಇನ್ನೊಂದು ಸಂಗತಿಯಿದೆ. ತುದಿಯಲ್ಲಿ ಒಂದು ಚಿಕ್ಕ ಚರ್ಚು, ಮೋಶೆಯದೆಂಬ ಒಂದು ಗುಹೆ ಬಿಟ್ಟರೆ ಬೇರೇನೂ ಇಲ್ಲ, ಅಲ್ಲಿ ಯಾರೂ ವಾಸಿಸುವುದಿಲ್ಲ ಎಂದು ಬರೆದಿದ್ದಾಳೆ. ಸುಮಾರು ಎರಡು ಶತಮಾನದ ನಂತರ ಇತಿಹಾಸಕಾರ ಪ್ರೊಕೋಪಿಯಸ್ ಕೂಡ ಅದನ್ನೇ ಹೇಳುತ್ತಾನೆ. ರಾತ್ರಿಯ ಹೊತ್ತು ಶಿಖರದಲ್ಲಿ ಕೇಳುವ ಸಿಡಿಲಿನಂಥ ಸದ್ದಿಗೆ ಹೆದರಿ ಅಲ್ಲಿ ಯಾರೂ ತಂಗಲಾರರು, ಆದ್ದರಿಂದ ಜಸ್ಟಿನಿಯನ್ ತನ್ನ ಚರ್ಚನ್ನು ಬಹಳ ಕೆಳಗೆ ಕಟ್ಟಿಸಿದ ಎಂದು.

ಸೂರ್ಯ ಮೇಲೇರಿದ್ದಾನೆ. ಕಂಬಳಿಯವರು ಕಂಬಳಿ ಮಡಚಿ ಹೆಗಲಿಗೇರಿಸುತ್ತಾರೆ. ಬೆಳಕು ಬಂದ ಮೇಲೆ ಇಲ್ಲಿ ಮಾಡುವ ಕೆಲಸ ಒಂದೇ, ಇಳಿಯುವುದು.

ಇಳಿಯಲು ಇನ್ನೊಂದು ದಾರಿಯಿದೆ. ಬೆಟ್ಟದ ಬುಡದಿಂದ ತುದಿಯವರೆಗೆ ಒಟ್ಟು 3,750 ಮೆಟ್ಟಿಲು. ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಸನ್ಯಾಸಿಯೊಬ್ಬ ಹಾಕಿದ್ದು ಎಂಬ ಪ್ರತೀತಿ. ಪಶ್ಚಾತ್ತಾಪದ ಮೆಟ್ಟಿಲು ಎಂದೇ ಅದರ ಹೆಸರು. ಏಳುನೂರ ಐವತ್ತು ಇಳಿದರೆ ಬಂಡೆಗಳ ನಡುವೆ ಬೋಗುಣಿಯಾಗಿ ತೆರೆದುಕೊಂಡ ಒಂದು ಬಯಲು. ಅಲ್ಲಿ ಸುತ್ತಲಿನ ಕೆಂಪಿಗೆಲ್ಲ ಒಂಟಿಯಾಗಿ ಹಸಿರು ಹೊತ್ತ ಹಳೆಯ ಸೈಪ್ರೆಸ್ ಮರ, ಅದರ ಬಳಿ ಎಲೀಯನ ಹೆಸರಿನ ಪುಟ್ಟ ಗುಡಿ. ರಾಣಿ ಈಜೆಬೆಲಳ ಭಯಕ್ಕೆ ಜೀವ ಉಳಿಸಿಕೊಂಡರೆ ಸಾಕೆಂದು ಓಡಿಬಂದ ಪ್ರವಾದಿ ಎಲೀಯ ಅಡಗಿದ್ದ ಜಾಗ ಇದು ಎಂಬ ನಂಬಿಕೆ. ಸಾಯುವುದೇ ಮೇಲೆಂದು ಬೇಸತ್ತವನು ನಲವತ್ತು ದಿನ ನಡೆದು ಇಲ್ಲಿಗೆ ಬಂದ. ಬಂಡೆ ಸೀಳುವ ಗಾಳಿ ಬೀಸಿತು, ದೇವರು ಅದರಲ್ಲಿರಲಿಲ್ಲ. ನೆಲ ನಡುಗಿತು, ಬೆಂಕಿ ಹಾದುಹೋಯಿತು, ಅವುಗಳಲ್ಲೂ ಇರಲಿಲ್ಲ. ಎಲ್ಲ ಅಡಗಿದ ಮೇಲೆ ಒಂದು ಮೆಲುದನಿ ಕೇಳಿಸಿತು. ಕಥೆಯನ್ನು ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ದನಿ ಎಲೀಯನನ್ನು ಮುದ್ದಿಸಲಿಲ್ಲ. ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿತು. ಬಂದ ದಾರಿಯಲ್ಲೇ ವಾಪಸ್ ಹೋಗು, ಇಂಥವರಿಗೆ ಅಭಿಷೇಕ ಮಾಡು, ನಿನ್ನ ನಂತರದ ಕೆಲಸಕ್ಕೆ ಎಲೀಷನನ್ನು ಸಿದ್ಧಮಾಡು ಎಂದು ಕೆಲಸ ಹಚ್ಚಿತು.

ಮೋಶೆಗಾದದ್ದೂ ಅದೇ. ಅವನು ಮೇಲೆ ದೇವರ ಸನ್ನಿಧಿಯಲ್ಲಿದ್ದಾಗ ಕೆಳಗೆ ಜನ ಬಂಗಾರದ ಕರು ಮಾಡಿ ಕುಣಿಯುತ್ತಿದ್ದರು. ಇಳಿದು ಹೋಗು ಎಂದೇ ದೇವರು ಹೇಳಿದ್ದು. ಇಳಿದವನು ಸಿಟ್ಟಿನಲ್ಲಿ ಕಲ್ಲಿನ ಹಲಗೆಗಳನ್ನು ಒಡೆದ. ಮರುದಿನ ಮತ್ತೆ ದೇವರ ಬಳಿಗೆ ಹೋಗಿ, ಈ ಜನರನ್ನು ಕ್ಷಮಿಸು, ಇಲ್ಲವಾದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸಿಬಿಡು ಎಂದು ಬೇಡಿಕೊಂಡ. ಮತ್ತೊಮ್ಮೆ ಬೆಟ್ಟಕ್ಕೆ ಹೋಗಿ ಹೊಸ ಹಲಗೆಗಳೊಂದಿಗೆ ಇಳಿದಾಗ ಅವನ ಮುಖ ಹೊಳೆಯುತ್ತಿತ್ತಂತೆ. ಅದು ಅವನಿಗೇ ಗೊತ್ತಿರಲಿಲ್ಲ. ಆ ಹೊಳಪನ್ನು ನೋಡಿದವರು ಕೆಳಗಿದ್ದ ಜನ.

ಮೆಟ್ಟಿಲೆಂದು ಹೇಳುವುದು ಸುಲಭ, ಇಳಿಯುವುದಲ್ಲ. ಏರುವಾಗ ಎದೆ ನೋಯುತ್ತದೆ, ಇಳಿಯುವಾಗ ಮಂಡಿ. ಇಕ್ಕಟ್ಟಾದ ಕಣಿವೆಯಲ್ಲಿ ದಾರಿಗೆ ಅಡ್ಡಲಾಗಿ ಒಂದು ಕಲ್ಲಿನ ಕಮಾನು ನಿಂತಿದೆ. 6ನೇ ಶತಮಾನದಲ್ಲಿ ಸ್ತೆಫಾನ ಎಂಬ ಸನ್ಯಾಸಿ ಇದರ ಕೆಳಗೆ ಕುಳಿತು, ಮೇಲೆ ಹೋಗುವವರ ಪಾಪನಿವೇದನೆ ಕೇಳುತ್ತಿದ್ದ. ಮನಸ್ಸಿನಲ್ಲಿದ್ದುದನ್ನು ಇಳಿಸಿಟ್ಟವರಿಗೆ ಮಾತ್ರ ಮುಂದಿನ ದಾರಿ. ನೆರೆಯವನ ಜೊತೆ ಜಗಳವಿಟ್ಟುಕೊಂಡು ಶಿಖರಕ್ಕೆ ಹೋಗುವಂತಿರಲಿಲ್ಲ. ಕಮಾನಿನ ಕಲ್ಲುಗಳು ಕೈ ತಾಕಿ ತಾಕಿ ನುಣುಪಾಗಿವೆ. ಅದರ ಚೌಕಟ್ಟಿನಲ್ಲಿ ದೂರ ಕೆಳಗೆ ಮಠ ಕಾಣುತ್ತದೆ, ಕೆಂಪು ಬಂಡೆಗಳ ತಳದಲ್ಲಿ ಚಚ್ಚೌಕವಾಗಿ, ಪಕ್ಕದಲ್ಲಿ ಆಲಿವ್, ಬಾದಾಮಿ, ಸೈಪ್ರೆಸ್ ಮರಗಳ ಉದ್ದನೆಯ ತೋಟ.

ಮಠದ ಬಾಗಿಲು ಪ್ರವಾಸಿಗರಿಗೆ ತೆರೆಯುವುದು ಬೆಳಗಿನ ಕೆಲವು ಗಂಟೆ ಮಾತ್ರ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ತಂಪು, ಜೇನುಮೇಣದ ಬತ್ತಿಯ ಮತ್ತು ಧೂಪದ ಪರಿಮಳ. ಗಂಟೆಗೋಪುರದ ಎದುರಿಗೇ ಮಧ್ಯಯುಗದ ಒಂದು ಮಸೀದಿಯ ಮಿನಾರು. ಗೋಡೆಯ ಮೇಲಿಂದ ಇಳಿಬಿದ್ದ ಹಸಿರು ಪೊದೆಯನ್ನು, ಮೋಶೆ ಕಂಡ ಉರಿಯುವ ಪೊದೆ ಇದೇ ಎಂದು, ಜನ ಎಟುಕಿದಷ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತೋಟದ ಬಳಿಯ ಅಸ್ಥಿಗೃಹದಲ್ಲಿ ಶತಮಾನಗಳಿಂದ ತೀರಿಕೊಂಡ ಸನ್ಯಾಸಿಗಳ ತಲೆಬುರುಡೆಗಳನ್ನು ಒಟ್ಟಿದ್ದಾರೆ. ಬಂಡೆನೆಲದಲ್ಲಿ ಹೂಳಲು ಮಣ್ಣು ಕಡಿಮೆ, ಹಳೆಯ ಮೂಳೆ ತೆಗೆದು ಹೊಸಬರಿಗೆ ಜಾಗ ಮಾಡಬೇಕು. ಬಾಗಿಲ ಬಳಿ ನಿಲುವಂಗಿ ತೊಟ್ಟು ಕುಳಿತ ಅಸ್ಥಿಪಂಜರ ಕಮಾನಿನ ಸ್ತೆಫಾನನದೇ.

ಮಠದ ಚಿತ್ರಸಂಗ್ರಹದಲ್ಲಿ 12ನೇ ಶತಮಾನದ ಒಂದು ಹಲಗೆಚಿತ್ರವಿದೆ. ಬಂಗಾರದ ಹಿನ್ನೆಲೆಯ ಮೇಲೆ ಓರೆಯಾಗಿ ನಿಂತ ಏಣಿ, ಅದಕ್ಕೆ ಮೂವತ್ತು ಮೆಟ್ಟಿಲು. ಈ ಮಠದ ಮಠಾಧೀಶನಾಗಿದ್ದ ಯೋಹಾನ ಕ್ಲಿಮಾಕಸ್ ಬರೆದ, ಮೂವತ್ತು ಹಂತಗಳ ಗ್ರಂಥದ ಚಿತ್ರರೂಪ ಅದು. ತುದಿಯಲ್ಲಿ ಕ್ರಿಸ್ತ ಬಾಗಿ ಕೈನೀಡುತ್ತಿದ್ದಾನೆ. ಸಾಲಾಗಿ ಏರುವ ಸನ್ಯಾಸಿಗಳನ್ನು ಪುಟ್ಟ ಕರಿಯ ಪಿಶಾಚಿಗಳು ಹಗ್ಗ ಹಾಕಿ, ಬಾಣ ಬಿಟ್ಟು ಕೆಳಗೆಳೆಯುತ್ತಿವೆ. ಬಿದ್ದವರಲ್ಲಿ ಕೆಲವರು ಮೇಲಿನ ಮೆಟ್ಟಿಲುಗಳವರೆಗೂ ಹೋಗಿದ್ದವರು. ಎತ್ತರಕ್ಕೆ ಹೋದ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ ಎಂಬುದನ್ನು ಸನ್ಯಾಸಿಗಳು ತಮಗೇ ಹೇಳಿಕೊಂಡ ಬಗೆ ಇದು. ಯೇಸುವನ್ನು ಸೈತಾನ ಪರೀಕ್ಷಿಸಿದ್ದೂ ಬಹು ಎತ್ತರದ ಬೆಟ್ಟದ ಮೇಲೆಯೇ. ಅಲ್ಲಿಂದ ಲೋಕದ ರಾಜ್ಯಗಳೆಲ್ಲ ಒಮ್ಮೆಗೇ ಕಾಣುತ್ತವೆ, ಎಲ್ಲವೂ ನನ್ನದಾಗಲಿ ಅನ್ನಿಸುವುದೂ ಅಲ್ಲಿಂದಲೇ.

ಚರ್ಚಿನ ಒಳಗೆ, ಬಲಿಪೀಠದ ಹಿಂದಿನ ಅರ್ಧಗುಮ್ಮಟದಲ್ಲಿ, ತಲೆಯೆತ್ತಿ ನೋಡಬೇಕಾದ ಒಂದು ಮೊಸಾಯಿಕ್ ಇದೆ, ಜಸ್ಟಿನಿಯನ್ ಕಾಲದ್ದು. ಚೂರು ಚೂರು ಬಣ್ಣದ ಗಾಜು, ಕಲ್ಲು. ಬತ್ತಿಯ ಬೆಳಕು ಅಲುಗಿದಂತೆ ಬಂಗಾರವೂ ಅಲುಗುತ್ತದೆ. ನಡುವೆ ನೀಲಿ ಅಂಡಾಕಾರದೊಳಗೆ ಬಿಳಿಯುಡುಗೆಯ ಯೇಸು, ಮೈಯಿಂದ ಕಿರಣಗಳು ಹೊಮ್ಮುತ್ತಿವೆ. ಎರಡು ಪಕ್ಕ ಮೋಶೆ, ಎಲೀಯ. ಕಾಲ ಬಳಿ ಮೂವರು ಶಿಷ್ಯರು, ಪೇತ್ರನಂತೂ ನೆಲಕ್ಕೆ ಬಿದ್ದಿದ್ದಾನೆ. ಸುವಾರ್ತೆಗಳಲ್ಲಿ ಬರುವ ರೂಪಾಂತರದ ಪ್ರಸಂಗ. ಯೇಸು ಮೂವರನ್ನು ಕರೆದುಕೊಂಡು ಎತ್ತರದ ಬೆಟ್ಟಕ್ಕೆ ಹೋದಾಗ ನಡೆದದ್ದು. ಆ ಬೆಟ್ಟ ಗಲಿಲಾಯದ ತಾಬೋರ್ ಎಂದು ಪರಂಪರೆ ಹೇಳುತ್ತದೆ. ಸೀನಾಯಿಯಲ್ಲಿ ದೇವರ ಮುಖ ಕಾಣಬೇಕೆಂದು ಬೇಡಿ ಬೆನ್ನನ್ನಷ್ಟೇ ಕಂಡ ಮೋಶೆ, ಇದೇ ಬೆಟ್ಟದಲ್ಲಿ ದನಿಯನ್ನಷ್ಟೇ ಕೇಳಿದ ಎಲೀಯ, ಇಬ್ಬರೂ ಕೊನೆಗೆ ಆ ಮುಖದ ಎದುರು ನಿಂತಿದ್ದಾರೆ.

ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಈ ಚಿತ್ರದಲ್ಲಿ ಇಲ್ಲದ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ಬೆಟ್ಟವೇ ಇಲ್ಲ! ಶಿಷ್ಯರ ಕೆಳಗೆ ನೆಲವೆಂದು ಒಂದು ಕಿರಿದಾದ ಪಟ್ಟಿ, ಉಳಿದುದೆಲ್ಲ ಬಂಗಾರ. ನಾಲ್ಕು ಸುತ್ತಲೂ ಬೆಟ್ಟ ಮುತ್ತಿಕೊಂಡಿರುವ ಈ ಚರ್ಚಿನಲ್ಲಿ, ಬೆಟ್ಟದ ಮೇಲೆ ನಡೆದ ಘಟನೆಯನ್ನು ಚಿತ್ರಿಸುವಾಗ ಆ ಕಲಾವಿದರು ಬೆಟ್ಟವನ್ನು ಬಿಟ್ಟುಬಿಟ್ಟರು. ಬಾಗಿಲಾಚೆ ನಿಂತಿದೆಯಲ್ಲ, ಅದು ಸಾಕು ಎಂದುಕೊಂಡರೋ ಏನೋ. ನನಗೆ ಮಾತ್ರ ಆ ಬಂಗಾರದ ಖಾಲಿ ಜಾಗದಲ್ಲಿ ಕ್ರೈಸ್ತ ಧರ್ಮ ಬೆಟ್ಟದ ಬಗ್ಗೆ ಹೇಳುವ ಮಾತೆಲ್ಲ ಇದೆ ಅನ್ನಿಸುತ್ತದೆ. ಎತ್ತರ ಬೇಕು, ಆದರೆ ಅದಕ್ಕೆ ಅಂಟಿಕೊಳ್ಳಬೇಕಿಲ್ಲ. ಬಾವಿಯ ಬಳಿ ಸಮಾರ್ಯದ ಹೆಂಗಸು ನಮ್ಮ ಬೆಟ್ಟ ಮೇಲೋ, ಯೆರೂಸಲೇಮ್ ಮೇಲೋ ಎಂದು ಕೇಳಿದಾಗ ಯೇಸು ಆಕೆಗೆ ಹೇಳಿದ್ದೂ ಇದನ್ನೇ. ಆರಾಧನೆಗೆ ಇದೇ ಬೆಟ್ಟ ಎಂಬುದಿಲ್ಲದ ಕಾಲ ಬರುತ್ತದೆ ಎಂದು.

ರೂಪಾಂತರದ ಬೆಟ್ಟದಲ್ಲಿ ಪೇತ್ರನಿಗೆ ಅಲ್ಲೇ ಉಳಿಯುವ ಆಸೆ. ಮೂರು ಗುಡಾರ ಹಾಕಿಬಿಡೋಣ ಎಂದ. ಯಾರೂ ಉತ್ತರ ಕೊಡಲಿಲ್ಲ, ಮೋಡ ಕವಿಯಿತು, ಆಮೇಲೆ ಎಲ್ಲರೂ ಇಳಿದರು. ಇಳಿದ ಕೂಡಲೇ ಎದುರಾದದ್ದು ಜನಜಂಗುಳಿ, ಅದರ ನಡುವೆ ಮಗನಿಗೆ ಪದೇಪದೇ ಸೆಳೆತ ಬರುತ್ತದೆ, ಬೆಂಕಿಗೂ ನೀರಿಗೂ ಬೀಳುತ್ತಾನೆ ಎಂದು ಗೋಗರೆಯುವ ಒಬ್ಬ ತಂದೆ. ರಫಾಯೆಲ್ ತನ್ನ ಬಾಳಿನ ಕೊನೆಯಲ್ಲಿ, 1520ರ ಸುಮಾರಿಗೆ, ಬರೆದ ರೂಪಾಂತರದ ಚಿತ್ರದಲ್ಲಿ ಮೇಲರ್ಧ ಬೆಳಕು, ಕೆಳಗರ್ಧ ಕಣ್ಣು ತಿರುಗಿದ ಈ ಹುಡುಗ ಮತ್ತು ಏನೂ ಮಾಡಲಾಗದೆ ಕಂಗಾಲಾದ ಶಿಷ್ಯರು. ಎರಡನ್ನೂ ಒಂದೇ ಹಲಗೆಯ ಮೇಲೆ ಇಟ್ಟ. ಮತ್ತಾಯನ ಸುವಾರ್ತೆಯಲ್ಲಿ ಪರ್ವತ ಪ್ರಸಂಗ ಮುಗಿದು ಯೇಸು ಕೆಳಗಿಳಿದೊಡನೆ ಹತ್ತಿರ ಬಂದವನು ಒಬ್ಬ ಕುಷ್ಠರೋಗಿ. ಬೆಟ್ಟದ ಮೇಲೆ ಆಡಿದ ಮಾತಿಗೆಲ್ಲ ಮೊದಲ ಪರೀಕ್ಷೆ ಆ ಮೈಯನ್ನು ಮುಟ್ಟುವುದೋ ಬಿಡುವುದೋ ಎಂಬುದು. ಯೇಸು ಕೈಚಾಚಿ ಮುಟ್ಟಿದ.

ಮಠದ ಹೊರಗೆ ಬಿಸಿಲು ಏರಿದೆ. ಕಪ್ಪು ಸ್ಕಾರ್ಫಿನ ತಾಯಿ ಕಟ್ಟೆಯ ಮೇಲೆ ಕುಳಿತು ಮಂಡಿಗೆ ಮುಲಾಮು ಹಚ್ಚುತ್ತಿದ್ದಾರೆ. ರಾತ್ರಿ ಕೈಹಿಡಿದ ಹುಡುಗನಿಗೆ ಚೀಲದಿಂದ ತೆಗೆದ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟಿದ್ದಾರೆ. ಬಸ್ಸುಗಳು ಹೊರಡಲು ಹಾರನ್ ಹೊಡೆಯುತ್ತಿವೆ. ಜನ ಫೋನಿನಲ್ಲಿ ಮನೆಯವರ ಜೊತೆ ಜೋರಾಗಿ ಮಾತಾಡುತ್ತಿದ್ದಾರೆ, ಸಾಲದ ಕಂತು, ಮಗಳ ಜ್ವರ, ಊರಿಗೆ ತಲುಪುವ ದಿನ. ಬೆಟ್ಟ ಹತ್ತಿದ್ದು ಫಲಿಸಿತೇ ಎಂಬುದು ತಿಳಿಯುವುದು ಇನ್ನು ಆ ಮನೆಗಳಲ್ಲಿ. ಮತ್ತಾಯನ ಸುವಾರ್ತೆ ಮುಗಿಯುವುದೂ ಗಲಿಲಾಯದ ಒಂದು ಬೆಟ್ಟದ ಮೇಲೆಯೇ. ಸತ್ತು ಎದ್ದ ಯೇಸುವನ್ನು ಕಾಣಲು ಉಳಿದ ಹನ್ನೊಂದು ಶಿಷ್ಯರು ಅಲ್ಲಿಗೆ ಹತ್ತಿ ಹೋಗುತ್ತಾರೆ, ಕೆಲವರ ಮನಸ್ಸಿನಲ್ಲಿ ಇನ್ನೂ ಅನುಮಾನ. ಅನುಮಾನ ಕಳೆದುಕೊಳ್ಳಲು ಅವನು ಅವರನ್ನು ಅಲ್ಲಿ ಇರಿಸಿಕೊಳ್ಳಲಿಲ್ಲ, ಎಲ್ಲ ಜನಾಂಗಗಳ ಬಳಿಗೂ ಹೋಗಿ ಎಂದು ಕಳಿಸಿದ. ಆ ಹನ್ನೊಂದು ಜನ ಬೆಟ್ಟದಿಂದ ಇಳಿದು ನಡೆದದ್ದರಿಂದಲೇ ಇಂದು ಕೊರಿಯಾದಿಂದ, ರಷ್ಯಾದಿಂದ, ನಮ್ಮ ದಕ್ಷಿಣ ಭಾರತದಿಂದ ಈ ಜನ ಸೀನಾಯಿ ಹತ್ತಲು ಬರುವಂತಾಯಿತು.